ಡೇಟ್ ಹತ್ತಿರ ಬಂದ ಪ್ಯಾಕೆಟ್ಟಿನ ಲೆಕ್ಕ

ರಾಯಚೂರಿನ ಉಸ್ಮಾನಿಯಾ ಮಾರುಕಟ್ಟೆಗೆ ಬೆಳಿಗ್ಗೆ ಹೋದವರಿಗೆ ಒಂದು ರೇಟು, ಕತ್ತಲಾದ ಮೇಲೆ ಹೋದವರಿಗೆ ಇನ್ನೊಂದು ರೇಟು. ಬೆಳಿಗ್ಗೆ ಕಿಲೋ ಲೆಕ್ಕದಲ್ಲಿ ತೂಗಿದ ಟೊಮೆಟೊವನ್ನೇ ರಾತ್ರಿ ಗುಡ್ಡೆ ಹಾಕಿ, 'ಎಲ್ಲಾ ತಗೊಂಡು ಹೋಗ್ರಿ' ಎಂದು ಕೊಟ್ಟುಬಿಡುತ್ತಾರೆ. ನಾಳೆ ಇದನ್ನು ಯಾರೂ ಕೇಳುವುದಿಲ್ಲ ಎಂದು ಮಾರುವವಳಿಗೆ ಗೊತ್ತು. ಇವತ್ತೇ ಸಾರು ಮಾಡಿ ಮುಗಿಸಬೇಕು ಎಂದು ಕೊಳ್ಳುವವರಿಗೂ ಗೊತ್ತು. ಯಾರಿಗೂ ಮೋಸವಿಲ್ಲ.

ಆನ್‌ಲೈನ್‌ನಲ್ಲಿ 'ನಿಯರ್ ಎಕ್ಸ್‌ಪೈರಿ', 'ಕ್ಲಿಯರೆನ್ಸ್' ಎಂದೆಲ್ಲ ಹೆಸರಿಟ್ಟು ಅರ್ಧ ಬೆಲೆಗೆ ಕೊಡುವ ಬಿಸ್ಕತ್ತು, ಓಟ್ಸ್, ಜ್ಯೂಸು, ಸಾಸುಗಳದ್ದೂ ಹೆಚ್ಚುಕಮ್ಮಿ ಇದೇ ಗುಡ್ಡೆ ವ್ಯಾಪಾರ. ಆದರೆ ಟೊಮೆಟೊ ಕಣ್ಣಿಗೆ ಕಾಣುತ್ತದೆ, ಬೆರಳಲ್ಲಿ ಒತ್ತಿ ನೋಡಬಹುದು. ಪ್ಯಾಕೆಟ್ಟಿನೊಳಗೆ ಏನಿದೆ ಎನ್ನುವುದಕ್ಕೆ ಮೇಲೆ ಒತ್ತಿದ ದಿನಾಂಕ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಅದನ್ನು ಓದಲು ಬಂದರೆ ದುಡ್ಡು ಉಳಿಯುತ್ತದೆ. ಬರದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಾನೇ ಉದಾಹರಣೆ. ಆ ಕಥೆ ಆಮೇಲೆ.

ಮೊದಲು, ಇಷ್ಟು ಅಗ್ಗಕ್ಕೆ ಯಾಕೆ ಕೊಡುತ್ತಾರೆ? ಮಾಲು ಕೆಟ್ಟಿದೆ ಎಂದಲ್ಲ. ಕಂಪನಿಯಿಂದ ಡಿಸ್ಟ್ರಿಬ್ಯೂಟರ್, ಅಲ್ಲಿಂದ ಅಂಗಡಿ, ಹೀಗೆ ಪ್ಯಾಕೆಟ್ಟು ಕೈಯಿಂದ ಕೈಗೆ ಬರುತ್ತದೆ. ಪ್ರತಿ ಕೈಯಲ್ಲೂ ಒಂದಷ್ಟು ದಿನ ಕಳೆಯುತ್ತದೆ. ಅರ್ಧ ಆಯಸ್ಸು ಮುಗಿದ ಮಾಲನ್ನು ದೊಡ್ಡ ಸೂಪರ್ ಮಾರ್ಕೆಟ್‌ಗಳು ಸಾಮಾನ್ಯವಾಗಿ ಒಳಗೇ ಬಿಟ್ಟುಕೊಳ್ಳುವುದಿಲ್ಲ. ನಮ್ಮ ಓಣಿಯ ಕಿರಾಣಿಯವರೂ ಅಷ್ಟೇ, ಡೇಟ್ ಬಾರ್ ಆಗುವ ಮುಂಚೆಯೇ ವಾಪಸ್ ಒಯ್ಯಿರಿ ಎಂದು ಸೇಲ್ಸ್‌ನವನ ಜೊತೆ ಜಗಳ ತೆಗೆಯುತ್ತಾರೆ. ದೀಪಾವಳಿಗೆಂದು ಮಾಡಿದ ಗಿಫ್ಟ್ ಪ್ಯಾಕು ಹಬ್ಬ ಕಳೆದ ಮರುದಿನ ಯಾರಿಗೂ ಬೇಡ. ಕಂಪನಿ ಹೊಸ ರ‍್ಯಾಪರ್ ತಂದರೆ ಹಳೆಯದು ಮೂಲೆಗೆ ಬೀಳುತ್ತದೆ. ಹೀಗೆ ನಿಂತ ಮಾಲನ್ನು ಡೇಟ್ ಮುಗಿದ ಮೇಲೆ ದುಡ್ಡು ಕೊಟ್ಟು ನಾಶ ಮಾಡಿಸುವುದಕ್ಕಿಂತ ಅರ್ಧಕ್ಕೋ ಕಾಲು ಬೆಲೆಗೋ ತಳ್ಳಿಬಿಡುವುದು ಅವರಿಗೆ ಲಾಭ. ಒಂದೊಂದು ಊರಿನಲ್ಲಿ ಹತ್ತಿಪ್ಪತ್ತು ಪ್ಯಾಕೆಟ್ಟು ಉಳಿದರೆ ಕೊಳ್ಳುವವರನ್ನು ಹುಡುಕುವುದು ಕಷ್ಟ. ಆನ್‌ಲೈನ್‌ನಲ್ಲಾದರೆ ಎಲ್ಲ ಊರಿನ ಗಿರಾಕಿಗಳೂ ಒಂದೇ ಕಡೆ ಸಿಗುತ್ತಾರೆ. ಈ ವ್ಯಾಪಾರ ಆ್ಯಪ್‌ಗಳಲ್ಲಿ ಬೆಳೆದದ್ದು ಅದಕ್ಕೇ.

ಇನ್ನು ನಮ್ಮ ದೇಶದ ನಿಯಮ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ, ಪ್ಯಾಕೆಟ್ಟುಗಳ ಮೇಲೆ ಎಫ್‌ಎಸ್‌ಎಸ್‌ಎಐ ಎಂದು ಕಾಣುತ್ತದಲ್ಲ ಅದೇ, ಆನ್‌ಲೈನ್‌ನಲ್ಲಿ ಆಹಾರ ಮಾರುವವರಿಗೆ ಒಂದು ಗೆರೆ ಎಳೆದಿದೆ. ಮಾಲು ನಮ್ಮ ಕೈ ಸೇರುವ ಹೊತ್ತಿಗೆ ಅದರ ಒಟ್ಟು ಆಯಸ್ಸಿನಲ್ಲಿ ಶೇ. 30 ಬಾಕಿ ಇರಬೇಕು, ಇಲ್ಲವೇ ಎಕ್ಸ್‌ಪೈರಿಗೆ 45 ದಿನ ಬಾಕಿ ಇರಬೇಕು. 2024ರ ನವೆಂಬರ್‌ನಲ್ಲಿ ಆನ್‌ಲೈನ್ ಕಂಪನಿಗಳನ್ನು ಕರೆದು ಇದನ್ನು ಮತ್ತೆ ಖಡಕ್ಕಾಗಿ ಹೇಳಿದ್ದಾರೆ. ಆರು ತಿಂಗಳು ಬಾಳುವ ಬಿಸ್ಕತ್ತಿಗೆ ಲೆಕ್ಕ ಹಾಕಿ ನೋಡಿ. ಶೇ. 30 ಎಂದರೆ 54 ದಿನ. ಅಂದರೆ ನಿಯಮ ಪಾಲಿಸುವವರಿಂದ ಕೊಂಡರೆ ಕನಿಷ್ಠ ಒಂದೂವರೆ ತಿಂಗಳು ನಮ್ಮ ಕೈಯಲ್ಲಿರುತ್ತದೆ. ಅದಕ್ಕಿಂತ ಕಡಿಮೆ ದಿನದ ಬಿಸ್ಕತ್ತು ಪಾರ್ಸಲ್‌ನಲ್ಲಿ ಬಂದರೆ 'ಅಗ್ಗ ಅಲ್ವಾ, ಇರ್ಲಿ' ಎಂದು ಸುಮ್ಮನಿರಬೇಕಿಲ್ಲ. ಅದು ದೂರು ಕೊಡುವ ವಿಷಯ.

ಬ್ರೆಡ್ಡಿನಂಥ ಆರೇಳು ದಿನದ ಮಾಲಿಗೆ 45 ದಿನದ ಮಾತೇ ಬರುವುದಿಲ್ಲ. ಅಲ್ಲಿ ಶೇ. 30 ಎಂದರೆ ಎರಡು ದಿನ. ಎರಡು ದಿನದ ಬ್ರೆಡ್ಡನ್ನು ಪಾರ್ಸಲ್‌ನಲ್ಲಿ ತರಿಸುವುದು ಹುಚ್ಚುತನ ಎಂದು ನನ್ನ ಅನಿಸಿಕೆ. ಹಾಲು, ಮೊಸರು, ಪನೀರ್ ಕೂಡ ಹಾಗೆಯೇ. ನಮ್ಮ ಭಾಗಕ್ಕೆ ರಾಬಕೊವಿ ಹಾಲು ಒಕ್ಕೂಟದ ನಂದಿನಿ ಪ್ಯಾಕೆಟ್ಟು ದಿನಾ ಬೆಳಿಗ್ಗೆ ಬರುತ್ತದೆ. ಅದರಲ್ಲಿ ಎರಡು ರೂಪಾಯಿ ಉಳಿಸಲು ಹೋಗಿ ಹೊಟ್ಟೆ ಕೆಡಿಸಿಕೊಳ್ಳುವುದು ಯಾಕೆ?

ಈಗ ಪ್ಯಾಕೆಟ್ಟಿನ ಮೇಲಿನ ಮಾತುಗಳು. ಮೊಬೈಲ್‌ನಲ್ಲಿ ಉಳಿತಾಯದ ಉಪದೇಶ ಕೊಡುವ ಎಷ್ಟೋ ವಿಡಿಯೋಗಳು 'ಬೆಸ್ಟ್ ಬಿಫೋರ್ ಮುಗಿದರೂ ಪರವಾಗಿಲ್ಲ, ತಿನ್ನಿ' ಎನ್ನುತ್ತವೆ. ಆ ಮಾತು ಸುಳ್ಳಲ್ಲ, ಆದರೆ ಅದು ಹುಟ್ಟಿದ್ದು ಬೇರೆ ದೇಶಗಳಲ್ಲಿ. ಬ್ರಿಟನ್ನಿನಲ್ಲಿ ಎರಡು ಬೇರೆ ಬೇರೆ ದಿನಾಂಕಗಳಿವೆ. 'ಯೂಸ್ ಬೈ' ಎಂದರೆ ಸುರಕ್ಷತೆಯ ಗಡುವು. ಮಾಂಸ, ಮೀನಿನಂಥವಕ್ಕೆ ಅದನ್ನು ಹಾಕುತ್ತಾರೆ, ಅದು ದಾಟಿದ್ದನ್ನು ಮಾರುವುದು ಅಪರಾಧ. 'ಬೆಸ್ಟ್ ಬಿಫೋರ್' ಎಂದರೆ ರುಚಿಯ ಗಡುವು ಅಷ್ಟೇ. ದಾಟಿದ ಮೇಲೆ ಬಿಸ್ಕತ್ತು ಸ್ವಲ್ಪ ಮೆತ್ತಗಾಗಬಹುದು, ಚಹಾಪುಡಿಯ ಘಮ ಕಡಿಮೆಯಾಗಬಹುದು. ಅಲ್ಲಿ ಅಂಥದ್ದನ್ನು ಕಾನೂನಿನ ಒಳಗೇ ಮಾರಬಹುದು, ಅದನ್ನೇ ಮಾರುವ ಆನ್‌ಲೈನ್ ಅಂಗಡಿಗಳೂ ಇವೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 2016ರಲ್ಲಿ ವಿಫುಡ್ ಎಂಬ ಅಂಗಡಿಯನ್ನೇ ಇದಕ್ಕಾಗಿ ತೆರೆದರು.

ನಮ್ಮಲ್ಲಿ 2020ರ ಲೇಬಲ್ ನಿಯಮಗಳು ಬಂದ ಮೇಲೆ ಕಥೆ ಬೇರೆ. ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನ, ಮತ್ತು 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ದಿನ, ಇವೆರಡೂ ಕಡ್ಡಾಯ. 'ಬೆಸ್ಟ್ ಬಿಫೋರ್' ಎನ್ನುವುದು ಬೇಕಿದ್ದರೆ ಹಾಕಿಕೊಳ್ಳಬಹುದಾದ ಹೆಚ್ಚುವರಿ ಮಾಹಿತಿ. ಆದ್ದರಿಂದ ಇಲ್ಲಿನ ಪ್ಯಾಕೆಟ್ಟಿನಲ್ಲಿ ಎಕ್ಸ್‌ಪೈರಿ ಎಂದು ಇದ್ದರೆ ಲಂಡನ್ನಿನ ಸಲಹೆಯನ್ನು ಅದಕ್ಕೆ ಅಂಟಿಸಬೇಡಿ. ಎಕ್ಸ್‌ಪೈರಿ ದಾಟಿದ್ದನ್ನು ಇಲ್ಲಿ ಯಾರೂ ಮಾರುವಂತಿಲ್ಲ. ಅರ್ಧ ಬೆಲೆಗೂ ಇಲ್ಲ, ಪುಕ್ಕಟೆ ಆಫರ್ ಎಂದೂ ಇಲ್ಲ.

ಹಾಗಂತ ದಿನಾಂಕ ಹತ್ತಿರ ಬಂದದ್ದೆಲ್ಲ ಕೀಳು ಮಾಲಲ್ಲ. ಹಳೆಯದಾದಷ್ಟೂ ಬೆಲೆ ಏರುವ ಸಾಮಾನು ನಮ್ಮ ಜಿಲ್ಲೆಯಲ್ಲೇ ಇದೆಯಲ್ಲ! ಹಳೆ ಸೋನಾ ಮಸೂರಿಗೆ ಹೊಸ ಅಕ್ಕಿಗಿಂತ ಜಾಸ್ತಿ ಕೊಟ್ಟು ತರುತ್ತೇವೆ, ಅನ್ನ ಉದುರುದುರಾಗುತ್ತದೆ ಎಂದು. ಅದೇ ನಮ್ಮ ಮನೆಗಳಲ್ಲಿ ಸಜ್ಜೆ ಹಿಟ್ಟನ್ನು ಒಂದು ವಾರಕ್ಕಿಂತ ಜಾಸ್ತಿ ಬೀಸಿಸುವುದಿಲ್ಲ, ಕಹಿಯಾಗುತ್ತದೆ ಎಂದು. ಎರಡೂ ಕಾಳೇ. ಒಂದು ವರ್ಷಗಟ್ಟಲೆ ನಿಲ್ಲುತ್ತದೆ, ಇನ್ನೊಂದು ಹಿಟ್ಟಾದ ಮೇಲೆ ನಿಲ್ಲುವುದಿಲ್ಲ. ಇದರ ಕಾರಣ ತಿಳಿದರೆ ಆನ್‌ಲೈನ್‌ನಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎನ್ನುವುದು ಮುಕ್ಕಾಲು ಪಾಲು ತಿಳಿದ ಹಾಗೆ.

ಕಾರಣ ಎಣ್ಣೆ. ಸಜ್ಜೆಯಲ್ಲಿ ಕೊಬ್ಬಿನಂಶ ಜಾಸ್ತಿ. ಬೀಸಿದಾಗ ಅದು ಹೊರಬಂದು ಗಾಳಿಗೆ ಸಿಗುತ್ತದೆ, ಕಾಳಿನೊಳಗಿನ ಕಿಣ್ವಗಳೂ ಅದನ್ನು ಒಡೆಯಲು ಶುರು ಮಾಡುತ್ತವೆ. ಕಮಟು ವಾಸನೆ, ಕಹಿ ರುಚಿ ಎಲ್ಲ ಅದರಿಂದ. ಶೇಂಗಾ, ಗುರೆಳ್ಳು, ಗೋಡಂಬಿ, ಅಕ್ರೂಟು, ಚಿಪ್ಸು, ಕರಿದ ಖಾರ ಇವಕ್ಕೆಲ್ಲ ಇದೇ ಕಾಟ. ಮತ್ತೆ ಈ ಕೆಲಸ ಬಿಸಿಯಲ್ಲಿ ಜೋರಾಗುತ್ತದೆ. ಆಹಾರ ವಿಜ್ಞಾನದಲ್ಲಿ ಒಂದು ಅಂದಾಜಿನ ಲೆಕ್ಕವಿದೆ: ಉಷ್ಣಾಂಶ 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಪ್ಯಾಕೆಟ್ಟಿನ ಮೇಲೆ 'ತಂಪಾದ, ಒಣ ಜಾಗದಲ್ಲಿಡಿ' ಎಂದು ಬರೆದಿರುತ್ತಾರೆ. ಕಂಪನಿಯವರ ತಂಪು 25 ಡಿಗ್ರಿ ಎಂದಿಟ್ಟುಕೊಳ್ಳಿ. ರಾಯಚೂರಿನಲ್ಲಿ ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ತಗಡಿನ ಶೆಡ್ಡಿನ ಗೋಡೌನ್, ಬಿಸಿಲಲ್ಲಿ ನಿಂತ ವ್ಯಾನು, ಡೆಲಿವರಿ ಹುಡುಗನ ಬೆನ್ನಿನ ಕರಿ ಬ್ಯಾಗು, ಇವುಗಳೊಳಗೆ ಇನ್ನೂ ಜಾಸ್ತಿ. ಮೇಲಿನ ಲೆಕ್ಕದಲ್ಲಿ ಅಲ್ಲಿ ಕಳೆದ ಒಂದು ದಿನ ತಂಪು ಜಾಗದ ಮೂರು ದಿನಕ್ಕಿಂತ ಹೆಚ್ಚು. ದಿನಾಂಕ ಮಾತ್ರ ಅಲ್ಲೇ ಇರುತ್ತದೆ, ಒಳಗಿನ ಎಣ್ಣೆ ಮುಂದೆ ಓಡಿರುತ್ತದೆ.

ಈಗ ನನ್ನ ಕಥೆ. ಶೇಂಗಾ ಬೆಳೆಯುವ ನಾಡಿನಲ್ಲಿ ಕೂತುಕೊಂಡು ಶೇಂಗಾ ಬೆಣ್ಣೆಯನ್ನು ಆನ್‌ಲೈನ್‌ನಲ್ಲಿ ತರಿಸಿದವಳು ನಾನು. ಪೀನಟ್ ಬಟರ್, ಮೂರು ದೊಡ್ಡ ಡಬ್ಬಿ, ಅರ್ಧಕ್ಕಿಂತ ಕಡಿಮೆ ಬೆಲೆ. ಎರಡು ತಿಂಗಳು ಡೇಟ್ ಇತ್ತು. ಅದು ಏಪ್ರಿಲ್ ತಿಂಗಳು. ಹೊಸದು ಎಂಬ ಉಮೇದಿಗೆ ಮಕ್ಕಳು ಮೊದಲ ಡಬ್ಬಿ ಮುಗಿಸಿದರು. ಎರಡನೆಯದನ್ನು ತೆರೆಯುವ ಹೊತ್ತಿಗೆ ಬೇಸರ ಬಂದಿತ್ತು, ಮೂರನೆಯದು ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ, ಒಲೆಯ ನೆತ್ತಿಯ ಮೇಲೆಯೇ ಉಳಿಯಿತು. ಡೇಟ್ ಮುಗಿಯಲು ಇನ್ನೂ ಹತ್ತು ದಿನ ಇದ್ದಾಗ ಮುಚ್ಚಳ ತೆಗೆದರೆ ಹಳೆ ಎಣ್ಣೆಯ ಕಮಟು. ಅತ್ತೆ ಮೂಸಿ ನೋಡಿ ಡಬ್ಬಿಯನ್ನು ಕೆಳಗಿಟ್ಟರು. 'ಅಗ್ಗ ಸಿಕ್ತಂತ ತಂದಿ, ಸರಿ. ತಿನ್ನೋರು ಯಾರವ್ವ?' ಎಂದರು.

ಮಾರಿದವರದ್ದು ತಪ್ಪಿರಲಿಲ್ಲ. ದಿನಾಂಕವನ್ನು ಮುಚ್ಚಿಟ್ಟಿರಲಿಲ್ಲ. ಅತ್ತೆ ಕೇಳಿದ ಪ್ರಶ್ನೆಯನ್ನು ನಾನು ಆರ್ಡರ್ ಒತ್ತುವ ಮುಂಚೆ ಕೇಳಿಕೊಂಡಿರಲಿಲ್ಲ, ಅಷ್ಟೇ.

ಆ ಪ್ರಶ್ನೆಯನ್ನು ರೂಪಾಯಿಗೆ ಇಳಿಸೋಣ. ಅಂಗಡಿಯಲ್ಲಿ 30 ರೂಪಾಯಿಯ ಬಿಸ್ಕತ್ತು ಆನ್‌ಲೈನ್‌ನಲ್ಲಿ 20ಕ್ಕೆ ಸಿಗುತ್ತಿದೆ, ಆದರೆ 12 ಪ್ಯಾಕೆಟ್ಟಿನ ಕಟ್ಟನ್ನೇ ಕೊಳ್ಳಬೇಕು ಎಂದುಕೊಳ್ಳಿ. 240 ರೂಪಾಯಿ. ಡೆಲಿವರಿಗೆ 60. ಒಟ್ಟು 300. ಹನ್ನೆರಡನ್ನೂ ತಿಂದರೆ ಪ್ಯಾಕೆಟ್ಟಿಗೆ 25 ಬಿತ್ತು, ಐದು ರೂಪಾಯಿ ಉಳಿಯಿತು. ಎರಡು ಪ್ಯಾಕೆಟ್ಟು ಮೆತ್ತಗಾಗಿ ಕಸಕ್ಕೆ ಹೋದರೆ ತಿಂದದ್ದು ಹತ್ತು, ಒಂದಕ್ಕೆ 30. ಅಂಗಡಿಯ ಬೆಲೆಯೇ ಆಯಿತು. ಮೂರು ಹೋದರೆ ನಾವೇ ಕೈಯಿಂದ ಕೊಟ್ಟಂತೆ. ನೋಡಬೇಕಾದದ್ದು ಕೊಂಡ ಬೆಲೆಯನ್ನಲ್ಲ, ತಿಂದದ್ದಕ್ಕೆ ಬಿದ್ದ ಬೆಲೆಯನ್ನು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಕಸವಾಗುತ್ತದೆ. ಅದರಲ್ಲಿ ಆಫರ್‌ನಲ್ಲಿ ತಂದದ್ದೂ ಇರುತ್ತದೆ, ಪೂರ್ತಿ ಬೆಲೆ ಕೊಟ್ಟದ್ದೂ ಇರುತ್ತದೆ. ಕಸದ ಬುಟ್ಟಿಗೆ ಎರಡೂ ಒಂದೇ.

ಆದ್ದರಿಂದ ಈಗ ನಾನು ಮಾಡುವುದು ಹೀಗೆ. ನಮ್ಮ ಮನೆಯಲ್ಲಿ ಇದು ವಾರಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ನೆನಪಿಸಿಕೊಳ್ಳುತ್ತೇನೆ. ಡೇಟ್‌ಗೆ ಎಷ್ಟು ವಾರ ಬಾಕಿ ಇದೆ ಎಂದು ನೋಡುತ್ತೇನೆ. ಅದರಲ್ಲಿ ಪಾರ್ಸಲ್ ಬರುವ ದಿನಗಳನ್ನು ಕಳೆಯುತ್ತೇನೆ. ಊರೊಳಗೆ ನಾಲ್ಕೈದು ದಿನವಾದರೆ ದೇವದುರ್ಗ, ಲಿಂಗಸುಗೂರು ಕಡೆಯ ಹಳ್ಳಿಗಳಿಗೆ ಇನ್ನೂ ಒಂದೆರಡು ದಿನ ಹಿಡಿಯಬಹುದು. ಉಳಿದ ವಾರಗಳಲ್ಲಿ ಖರ್ಚಾಗುವಷ್ಟನ್ನು ಮಾತ್ರ ಕೊಳ್ಳುತ್ತೇನೆ. ಎಣ್ಣೆಯಂಶದ ಮಾಲಾದರೆ ಬೇಸಿಗೆಯಲ್ಲಿ ಅದರಲ್ಲೂ ಅರ್ಧ. ಮನೆಯಲ್ಲಿ ಯಾರೂ ರುಚಿ ನೋಡಿರದ ಹೊಸ ಸಾಮಾನು ಎಷ್ಟೇ ಅಗ್ಗವಿದ್ದರೂ ಒಂದೇ ಒಂದು. ಇದನ್ನು ಕಲಿಸಿದ್ದು ಶೇಂಗಾ ಬೆಣ್ಣೆ.

ಹಾಗಾದರೆ ಧೈರ್ಯವಾಗಿ ಕೊಳ್ಳಬಹುದಾದದ್ದು ಯಾವುದು? ನೀರಿನಂಶವೂ ಇಲ್ಲದ, ಎಣ್ಣೆಯೂ ಇಲ್ಲದ ಸಾಮಾನು. ಪಾಸ್ತಾ, ಶ್ಯಾವಿಗೆ, ಚಹಾಪುಡಿ. ವಿನೆಗರ್, ಜೇನುತುಪ್ಪದಂಥವು ತಾವಾಗಿ ಕೆಡುವುದೇ ಅಪರೂಪ. ಬೇಳೆಕಾಳು ಹಳೆಯದಾದರೆ ಬೇಯಲು ಕುಕ್ಕರ್ ಎರಡು ಸೀಟಿ ಜಾಸ್ತಿ ಕೇಳುತ್ತದೆ. ಟೊಮೆಟೊ ಸಾಸು, ಜಾಮು ಇವುಗಳಲ್ಲಿ ಹುಳಿ, ಸಕ್ಕರೆ ಜಾಸ್ತಿ ಇರುವುದರಿಂದ ಮುಚ್ಚಿದ ಸೀಸೆ ಡೇಟ್ ತನಕ ಆರಾಮಾಗಿ ನಿಲ್ಲುತ್ತದೆ, ತೆರೆದ ಮೇಲೆ ಫ್ರಿಜ್. ರವೆ, ಗೋಧಿ ಹಿಟ್ಟಿಗೆ ನಮ್ಮ ಕಡೆ ದಿನಾಂಕಕ್ಕಿಂತ ಹುಳದ ಭಯ ಜಾಸ್ತಿ. ರವೆಯನ್ನು ಬಂದ ದಿನವೇ ಹುರಿದು ಆರಿಸಿ ಡಬ್ಬಿಗೆ ಹಾಕಿದರೆ ಹುಳ ಬೀಳುವುದು ಕಡಿಮೆ. ನಮ್ಮ ಅಜ್ಜಿಯಂದಿರು ಯಾವ ಲೇಬಲ್ಲನ್ನೂ ಓದದೆ ಇದನ್ನು ಮಾಡುತ್ತಿದ್ದರು.

ಚಾಕೊಲೇಟ್ ಮೇಲೆ ಬಿಳಿ ಪುಡಿ ಕಂಡರೆ ಹೆದರಬೇಡಿ. ಕರಗಿ ಮತ್ತೆ ಗಟ್ಟಿಯಾದಾಗ ಒಳಗಿನ ಕೊಬ್ಬು ಮೇಲೆ ಬಂದು ಕೂರುತ್ತದೆ, ಬೂಷ್ಟಲ್ಲ. ತಿನ್ನಬಹುದು, ಸೊಗಸು ಮಾತ್ರ ಹೋಗಿರುತ್ತದೆ. ಆದರೆ ಶೇಂಗಾ, ಬಾದಾಮಿಗೆ ನಿಜವಾದ ಬೂಷ್ಟು ಹಿಡಿದಿದ್ದರೆ ಒಂದು ಕಾಳನ್ನೂ ಇಟ್ಟುಕೊಳ್ಳಬೇಡಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ಉಬ್ಬಿದ ಡಬ್ಬಿ, ಉಬ್ಬಿದ ಜ್ಯೂಸ್ ಪೊಟ್ಟಣ ನೇರ ಕಸಕ್ಕೆ, ರುಚಿ ನೋಡಲೂ ಹೋಗಬೇಡಿ. ಹಸುಗೂಸಿನ ಹಾಲಿನ ಪುಡಿ, ಮಗುವಿನ ಸೆರೆಲ್ಯಾಕ್ ಥರದ್ದನ್ನು ಈ ಉಳಿತಾಯದ ಲೆಕ್ಕದಿಂದಲೇ ಹೊರಗಿಡಿ.

ರಿಯಾಯಿತಿಯ ಶೇಕಡಾ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬಬಾರದು. ಅದು ಎಂಆರ್‌ಪಿಯ ಮೇಲಿನ ಲೆಕ್ಕ. ಆದರೆ ಓಣಿಯ ಅಂಗಡಿಯಲ್ಲೂ ಎಷ್ಟೋ ಸಾಮಾನು ಎಂಆರ್‌ಪಿಗಿಂತ ಕಡಿಮೆಗೆ ಸಿಗುತ್ತದೆ. ಹಳೆ ಸ್ಟಾಕಿನಲ್ಲಿ ಇನ್ನೊಂದು ಕೊಕ್ಕೆ ಇದೆ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕೊಲೇಟ್‌ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ತೆರಿಗೆ ಸೇರಿ 118 ರೂಪಾಯಿ ಇದ್ದದ್ದು 105ಕ್ಕೆ ಬರಬೇಕು. ಅಂದರೆ ಹಳೆ ಎಂಆರ್‌ಪಿ ಇರುವ ಪ್ಯಾಕಿಗೆ 'ಶೇ. 11 ಕಡಿತ' ಎಂದು ಬರೆದರೆ ಅದು ಕಡಿತವೇ ಅಲ್ಲ, ಹೊಸ ಬೆಲೆ. ಇದಕ್ಕೆಲ್ಲ ಸುಲಭದ ದಾರಿ, ಗ್ರಾಂ ಲೆಕ್ಕದಲ್ಲಿ ಹೋಲಿಸುವುದು. ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ ಹತ್ತಿರ ಸಣ್ಣ ಅಕ್ಷರದಲ್ಲಿ ಗ್ರಾಂಗೆ ಅಥವಾ ಕಿಲೋಗೆ ಇಷ್ಟು ಎಂದು ಹಾಕಿರುತ್ತಾರೆ. ಕನ್ನಡಕ ಹಾಕಿಕೊಂಡು ಓದಿ.

ಆರ್ಡರ್ ಮಾಡುವ ಮುಂಚೆ ಪುಟದಲ್ಲಿ ಎಕ್ಸ್‌ಪೈರಿ ದಿನಾಂಕ ಇದೆಯೇ ನೋಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವರು ಅದನ್ನು ತಿಳಿಸಬೇಕು. 'ಫ್ರೆಶ್ ಸ್ಟಾಕ್' ಎಂದು ಮಾತ್ರ ಬರೆದು ದಿನಾಂಕ ಹೇಳದವರನ್ನು ನಾನು ಬಿಟ್ಟುಬಿಡುತ್ತೇನೆ. ಪಾರ್ಸಲ್ ಬಂದಾಗ ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಯಾಕೆಂದರೆ ಆಹಾರದ ಸಾಮಾನನ್ನು ವಾಪಸ್ ತೆಗೆದುಕೊಳ್ಳಲು ಮಾರುವವರು ಸುಲಭಕ್ಕೆ ಒಪ್ಪುವುದಿಲ್ಲ. ದಿನಾಂಕದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಇಂಕು ಉಜ್ಜಿದಂತಿದೆಯೇ, ಹಳೆಯದರ ಮೇಲೆ ಸ್ಟಿಕ್ಕರ್ ಅಂಟಿಸಿದ್ದಾರೆಯೇ, ಒಳಗಿನ ಪೊಟ್ಟಣಕ್ಕೂ ಹೊರಗಿನ ಡಬ್ಬಿಗೂ ಬ್ಯಾಚ್ ನಂಬರ್ ಒಂದೇ ಇದೆಯೇ? ಹಳೆ ದಿನಾಂಕ ಅಳಿಸಿ ಹೊಸದು ಒತ್ತುವ ದಂಧೆ ದೇಶದಲ್ಲಿ ಆಗಾಗ ಸಿಕ್ಕಿಬೀಳುತ್ತಲೇ ಇದೆ. ಡೇಟ್ ಮುಗಿದ ಮಾಲು ಮತ್ತೆ ಪೇಟೆಗೆ ನುಸುಳಬಾರದು ಎಂದೇ 2024ರ ಡಿಸೆಂಬರ್‌ನಲ್ಲಿ ಪ್ರಾಧಿಕಾರವು ತಯಾರಕರಿಂದ ಮೂರು ತಿಂಗಳಿಗೊಮ್ಮೆ ಅದರ ಲೆಕ್ಕ ಕೇಳಲು ಶುರು ಮಾಡಿತು. ಅನುಮಾನ ಬಂದರೆ ಪ್ಯಾಕೆಟ್ಟಿನ 14 ಅಂಕಿಯ ಲೈಸೆನ್ಸ್ ನಂಬರ್ ಸಮೇತ ಫೋಟೊ ತೆಗೆದು 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್‌ನಲ್ಲಿ ಹಾಕಬಹುದು. ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಒಂದು ಮಾತು ಕಿರಾಣಿಯವರ ಪರವಾಗಿ. ಆ್ಯಪ್ ಮೊದಲೇ ದುಡ್ಡು ಕೇಳುತ್ತದೆ. ಓಣಿಯ ಅಂಗಡಿಯವರು ತಿಂಗಳ ಕೊನೆಯವರೆಗೆ ಉದ್ರಿ ಕೊಡುತ್ತಾರೆ, ಬಡ್ಡಿ ಇಲ್ಲ. ಹುಳ ಬಿದ್ದ ರವೆ ಒಯ್ದು ತೋರಿಸಿದರೆ ಬದಲಿ ಕೊಡುತ್ತಾರೆ. ಅವರ ಹತ್ತಿರವೂ ಡೇಟ್ ಹತ್ತಿರ ಬಂದ ಮಾಲು ಇರುತ್ತದೆ, ನಾವು ಕೇಳುವುದಿಲ್ಲ ಅಷ್ಟೇ. 'ಅಣ್ಣಾ, ಇಪ್ಪತ್ತು ದಿನದಾಗ ಮುಗಿಯೋ ಓಟ್ಸ್ ಏನರ ಐತೇನು, ಕಮ್ಮಿ ಮಾಡಿ ಕೊಡ್ತೀಯೇನು?' ಎಂದು ನಾನು ಒಂದು ಸಲ ಸಂಕೋಚದಿಂದಲೇ ಕೇಳಿದೆ. ಒಳಗಿನಿಂದ ಎರಡು ಪ್ಯಾಕೆಟ್ಟು ತಂದು ಅರ್ಧಕ್ಕೆ ಕೊಟ್ಟರು. ಡೆಲಿವರಿ ಖರ್ಚಿಲ್ಲ, ಡೇಟನ್ನು ಕಣ್ಣಾರೆ ಓದಿದೆ, ಬೇಕಾದದ್ದು ಎರಡೇ ಆದ್ದರಿಂದ ಎರಡನ್ನೇ ತಂದೆ.

ಈ ಸಲ ಆನ್‌ಲೈನ್‌ನಿಂದ ಬಂದದ್ದು ಕಾರ್ನ್‌ಫ್ಲೇಕ್ಸ್, ಎರಡು ಡಬ್ಬಿ. ಡೇಟ್ ಅನ್ನು ಮಾರ್ಕರ್ ಪೆನ್ನಿನಲ್ಲಿ ಮುಂಭಾಗಕ್ಕೆ ದೊಡ್ಡದಾಗಿ ಬರೆದು ಕಣ್ಣಿಗೆ ಬೀಳುವಲ್ಲಿ ಇಟ್ಟಿದ್ದೇನೆ. ಒಂದು ಡಬ್ಬಿ ಮಕ್ಕಳು ಹಾಲಿಗೆ ಹಾಕಿಕೊಂಡು ಮುಗಿಸುತ್ತಾರೆ. ಇನ್ನೊಂದನ್ನು ಅತ್ತೆ ಆಗಲೇ ಕೇಳಿಟ್ಟಿದ್ದಾರೆ, ಚೂಡಾ ಮಾಡಲು. ಶೇಂಗಾ, ಕರಿಬೇವು, ಬೆಳ್ಳುಳ್ಳಿ ಹಾಕಿ ಒಗ್ಗರಣೆ ಕೊಟ್ಟರೆ ಸಂಜೆ ಚಹಾದ ಹೊತ್ತಿಗೆ ಎರಡು ದಿನವೂ ಉಳಿಯುವುದಿಲ್ಲ.